ಹೆದರಿಸುವ ವಸ್ತುಗಳ ಪೆಟ್ಟಿಗೆ

ಹೆಡ್‌ಮಾಸ್ಟರು: ಕಳೆದುಹೋಗಿದೆ ಅಂದ್ರೆ ಕಳೆದುಹೋಗಿದೆ. ಎಷ್ಟು ಸಲ ಹೇಳ್ಬೇಕು?

ಗುಬ್ಬಿ: ಎಲ್ಲಿ ಕಳೆದುಹೋಯ್ತು ಸಾರ್?

ಹೆಡ್‌ಮಾಸ್ಟರು: ಎಲ್ಲಿ ಅಂತ ಗೊತ್ತಿದ್ರೆ ಅದನ್ನ ಕಳೆದುಹೋಗೋದು ಅಂತಾರೇನಮ್ಮಾ?

ಗುಬ್ಬಿ: ಸರಿ ಬಿಡಿ. ಕೀ ಇಲ್ಲ ಅಂದ್ರೆ ಬೀಗ ಒಡೀತೀನಿ.

ಹೆಡ್‌ಮಾಸ್ಟರು: ಒಡೀತೀಯಾ? ಪೊಲೀಸಾಗಿ ಬೀಗ ಒಡೀತೀಯಾ? ಅಂದ್ರೆ... ಒಡೀತೀರಾ?

ಗುಬ್ಬಿ: ‘ಒಡೀತೀಯಾ’ ಅಂತಲೇ ಅನ್ನಿ ಸಾರ್, ಪರವಾಗಿಲ್ಲ.

ಹೆಡ್‌ಮಾಸ್ಟರಿಗೆ ಸೋಮವಾರದಿಂದಲೂ ಇದೊಂದು ಪೀಕಲಾಟ. ಎದುರಿಗೆ ಕುಳಿತಿದ್ದ ಮಹಿಳಾ ಪೇದೆ ಇದೇ ಶಾಲೆಯಲ್ಲಿ, ಅವರು ಇನ್ನೂ ಬರೀ ಮೇಷ್ಟ್ರಾಗಿದ್ದ ಕಾಲದಲ್ಲಿ, ಮೊದಲನೇ ಬೆಂಚಿನಲ್ಲಿ ಕುಳಿತು ಓದಿದವಳು. ಆಗ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಅದಕ್ಕೇ ಗುಬ್ಬಿ ಎಂಬ ಹೆಸರು ಅಂಟಿಕೊಂಡಿತ್ತು. ಈಗ ಖಾಕಿ, ಬೆಲ್ಟು, ಟೋಪಿ ಎಲ್ಲ ಸೇರಿ ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಖಾಕಿ ನೋಡಿದರೆ ‘ನೀವು’ ಎನ್ನಬೇಕು, ಮುಖ ನೋಡಿದರೆ ‘ನೀನು’ ತಾನಾಗಿ ಬಂದುಬಿಡುತ್ತದೆ. ಅವಳೋ ಎರಡಕ್ಕೂ ಒಂದೇ ಸಮನೆ ‘ಹೂಂ ಸಾರ್’ ಎನ್ನುತ್ತಿದ್ದಳು.

ಇಬ್ಬರ ನಡುವೆ ನೆಲದ ಮೇಲೆ ಆ ಪೆಟ್ಟಿಗೆ ಕೂತಿತ್ತು. ಹಿಂದೆ ಪ್ರಯೋಗಾಲಯದ ಸಾಮಾನು ತುಂಬಿಡುತ್ತಿದ್ದ ಉದ್ದನೆಯ ಮರದ ಪೆಟ್ಟಿಗೆ. ಪಕ್ಕದ ಬಡಾವಣೆಯ ಶಾಲೆಯಲ್ಲಿ ಇಬ್ಬರು ಹುಡುಗರ ಜಗಳದಲ್ಲಿ ಚಾಕು ಹೊರಬಂದು, ದೇವರ ದಯೆಯಿಂದ ಒಂದು ಅಂಗಿಯ ತೋಳು ಮಾತ್ರ ಹರಿದು, ಊರಿಗೆ ಊರೇ ಬೆಚ್ಚಿಬಿದ್ದ ಮೇಲೆ ಠಾಣೆಯವರು ಮಾಡಿದ ಏರ್ಪಾಡು ಇದು. ಯಾವ ಮಗುವಾದರೂ ಸರಿ, ಆಯುಧವನ್ನು ತಂದು ಮುಚ್ಚಳದ ಅಗಲವಾದ ಸೀಳಿನಲ್ಲಿ ಹಾಕಿಬಿಡಬಹುದು. ಯಾರೂ ಹೆಸರು ಕೇಳುವುದಿಲ್ಲ, ಯಾರೂ ನಿಂತು ನೋಡುವುದಿಲ್ಲ. ವಾರದ ಕೊನೆಗೆ ಪೊಲೀಸರು ಬಂದು ತೆಗೆದುಕೊಂಡು ಹೋಗುತ್ತಾರೆ. ಬೀಗ ಎರಡು: ಒಂದರ ಕೀ ಠಾಣೆಯಲ್ಲಿ, ಇನ್ನೊಂದರದು ಹೆಡ್‌ಮಾಸ್ಟರ ಹತ್ತಿರ. ಒಬ್ಬರನ್ನೊಬ್ಬರು ಪೂರ್ತಿ ನಂಬದ ಇಬ್ಬರು ಗೌರವಸ್ಥರು ಮಾಡಿಕೊಂಡ ಒಪ್ಪಂದ ಅಂದರೆ ಹೀಗೇ ಇರುತ್ತದೆ. ಗುಬ್ಬಿ ತನ್ನ ಬೀಗವನ್ನು ಆಗಲೇ ತೆಗೆದು ಮೇಜಿನ ಮೇಲಿಟ್ಟಿದ್ದಳು.

ಗುಬ್ಬಿ: ಸಾರ್, ನಿಜ ಹೇಳಿ. ಕೀ ಕಳೆದುಹೋಗಿದೆಯೋ, ಕಳೆದುಹೋದ್ರೆ ಸಾಕು ಅಂತಿದೆಯೋ?

ಹೆಡ್‌ಮಾಸ್ಟರು: (ದನಿ ತಗ್ಗಿಸಿ) ನೋಡು ಗುಬ್ಬಿ... ನೋಡಿ. ಸಂಜೆ ಪೋಷಕರ ಸಭೆ ಇದೆ. ಸಮಿತಿ ಅಧ್ಯಕ್ಷರಿಗೆ ನಾನು ಮಾತು ಕೊಟ್ಟುಬಿಟ್ಟಿದೀನಿ.

ಗುಬ್ಬಿ: ಏನಂತ?

ಹೆಡ್‌ಮಾಸ್ಟರು: ನಮ್ಮ ಮಕ್ಕಳ ಪೆಟ್ಟಿಗೆ ಖಾಲಿ ಇರುತ್ತೆ ಅಂತ. ಒಂದೇ ಒಂದು ಚಾಕು ಸಿಕ್ರೂ ನೀವು ಹೇಳಿದ ಹಾಗೇ ಆಗಲಿ ಅಂತ.

ಗುಬ್ಬಿ: ಅವರು ಹೇಳೋದೇನು?

ಹೆಡ್‌ಮಾಸ್ಟರು: ಗೇಟಿಗೆ ಒಂದು ಕೂಗೋ ಬಾಗಿಲು. ಲೋಹ ಕಂಡ್ರೆ ಕೂಗುತ್ತಂತೆ. ಪಕ್ಕದಲ್ಲಿ ದಿನವೆಲ್ಲ ಒಬ್ಬ ಪೊಲೀಸು. ಪ್ರತಿ ಮಗುವಿನ ಚೀಲ ಬಿಚ್ಚಿಸಿ, ಕೈ ಎತ್ತಿಸಿ ಒಳಗೆ ಬಿಡೋದು. ಬಾಗಿಲನ್ನ ಅವರೇ ದಾನ ಕೊಡ್ತಾರಂತೆ, ಮೇಲೆ ಅವರ ಟೈಲ್ಸ್ ಅಂಗಡಿ ಹೆಸರು ಬರೆಸಿ.

ಗುಬ್ಬಿ: ಆ ಒಬ್ಬ ಪೊಲೀಸು ಯಾರಂತೆ?

ಹೆಡ್‌ಮಾಸ್ಟರು: ಮತ್ಯಾರು? ನೀನೇ.

ಗುಬ್ಬಿ: ಅಯ್ಯೋ! ಈ ಗೇಟಿಂದ ಹೊರಗೆ ಹೋಗೋಕೆ ಹತ್ತನೇ ಕ್ಲಾಸಲ್ಲಿ ಎಷ್ಟು ಕಷ್ಟಪಟ್ಟಿದೀನಿ ಸಾರ್. ಈಗ ಮತ್ತೆ ದಿನವೆಲ್ಲ ಅಲ್ಲೇ ನಿಲ್ಲಬೇಕಾ?

ಹೆಡ್‌ಮಾಸ್ಟರು: ಅದಕ್ಕೇ ಹೇಳ್ತಿರೋದು. ಕೀ ಕಳೆದುಹೋಗಿದೆ.

ಆ ಬಾಗಿಲನ್ನು ನೆನೆದರೇ ಹೆಡ್‌ಮಾಸ್ಟರಿಗೆ ಬೇಸರವಾಗುತ್ತಿತ್ತು. ಬೆಳಿಗ್ಗೆ ಮಕ್ಕಳು ಗೇಟಿನಲ್ಲಿ ನೂಕಾಡಿಕೊಂಡು, ಒಬ್ಬರ ಚೀಲ ಒಬ್ಬರು ಎಳೆದುಕೊಂಡು ಒಳಗೆ ನುಗ್ಗುವುದನ್ನು ಕಿಟಕಿಯಲ್ಲಿ ನಿಂತು ನೋಡುವುದೇ ಅವರ ದಿನದ ಮೊದಲ ಸಂತೋಷ. ಅದನ್ನು ಅವರು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೆಡ್‌ಮಾಸ್ಟರಾದವರು ಅಂಥದ್ದನ್ನೆಲ್ಲ ಹೇಳಿಕೊಳ್ಳಬಾರದು ಎಂದು ಅವರ ನಂಬಿಕೆ.

ಗುಬ್ಬಿ: ಅದಿರಲಿ, ನಿಮ್ಮ ಕನ್ನಡಕ ಎಲ್ಲಿ ಸಾರ್? ನಾನು ಬಂದಾಗಿಂದ ಗೋಡೆ ಕಡೆ ನೋಡ್ಕೊಂಡು ಮಾತಾಡ್ತಿದೀರಿ.

ಹೆಡ್‌ಮಾಸ್ಟರು: ಅದೂ ಕಳೆದುಹೋಗಿದೆ. ಅದು ನಿಜವಾಗ್ಲೂ ಕಳೆದುಹೋಗಿದೆ.

ಗುಬ್ಬಿ: ಹಾಗಾದ್ರೆ ಕೀ ಸುಳ್ಳುಸುಳ್ಳೇ ಕಳೆದುಹೋಗಿದೆ.

ಹೆಡ್‌ಮಾಸ್ಟರು: ಬಾಯಿ ನೋಡು ಇವಳದ್ದು! ಮೊನ್ನೆ ಊಟ ಆದಮೇಲೆ ಇಲ್ಲೇ ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ. ಕನ್ನಡಕ ಮೇಜಿನ ಮೇಲಿತ್ತು. ಕಣ್ಣು ಬಿಟ್ಟು ನೋಡ್ತೀನಿ, ಇಲ್ಲ.

ಗುಬ್ಬಿ: ಆ ಯೋಚನೆಯ ಸದ್ದು ನಮ್ಮ ಕಾಲದಲ್ಲಿ ಪಕ್ಕದ ಕ್ಲಾಸಿಗೂ ಕೇಳಿಸ್ತಿತ್ತು ಸಾರ್.

ಹೆಡ್‌ಮಾಸ್ಟರು: ನನ್ನ ವಿಷಯ ಬಿಡು. ನೀನೇನು ಕೈ ಬೀಸಿಕೊಂಡು ಬಂದಿದೀಯ? ಲಾಠಿ ಎಲ್ಲಿ?

ಗುಬ್ಬಿ ಸರಿಯಾಗಿಯೇ ಇದ್ದ ಟೋಪಿಯನ್ನು ಇನ್ನೊಮ್ಮೆ ಸರಿಮಾಡಿಕೊಂಡಳು.

ಗುಬ್ಬಿ: ಮಕ್ಕಳಿರೋ ಜಾಗಕ್ಕೆ ಲಾಠಿ ಯಾಕೆ ಸಾರ್? ಪ್ರೀತಿಯಿಂದ ನಾಲ್ಕು ಮಾತಾಡಿದ್ರೆ ಸಾಕು.

ಹೆಡ್‌ಮಾಸ್ಟರು: ಭೇಷ್! ನನ್ನ ಶಿಷ್ಯೆ ಅಂದ್ರೆ ಹೀಗಿರಬೇಕು.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆದುಕೊಂಡಿತು. ಈ ಶಾಲೆಯಲ್ಲಿ ಬಾಗಿಲನ್ನು ಹಾಗೆ ತೆರೆಯುವವರು ಒಬ್ಬರೇ, ಡ್ರಿಲ್ ಮೇಷ್ಟ್ರು. ಗಂಟಲು ದೊಡ್ಡದು, ಎದೆ ಇನ್ನೂ ದೊಡ್ಡದು, ಮನಸ್ಸು ಮಾತ್ರ ಮೆತ್ತಗೆ. ಅದು ಯಾರಿಗೂ ಗೊತ್ತಾಗಬಾರದೆಂದೇ ಗಂಟಲನ್ನು ಅಷ್ಟು ಬೆಳೆಸಿಕೊಂಡಿದ್ದರು.

ಡ್ರಿಲ್ ಮೇಷ್ಟ್ರು: ಪೊಲೀಸ್ ಬಂದಿದಾರಂತೆ! ಒಳ್ಳೇದೇ ಆಯ್ತು. ಮೇಡಂ, ನನ್ನದೊಂದು ಕಂಪ್ಲೇಂಟ್ ಇದೆ. ಕಳ್ಳತನ!

ಗುಬ್ಬಿ: ಏನು ಹೋಯ್ತು ಮೇಷ್ಟ್ರೇ?

ಡ್ರಿಲ್ ಮೇಷ್ಟ್ರು: ನನ್ನ ಬೆತ್ತ! ಎಣ್ಣೆ ಹಚ್ಚಿ ಹಚ್ಚಿ ಮಗು ಸಾಕಿದ ಹಾಗೆ ಸಾಕಿದ್ದೆ.

ಗುಬ್ಬಿ: ಬೆತ್ತಾನಾ? ಮಕ್ಕಳಿಗೆ ಹೊಡೀಬಾರದು ಅಂತ ಕಾನೂನಿದೆಯಲ್ಲ?

ಡ್ರಿಲ್ ಮೇಷ್ಟ್ರು: ಹೊಡೆಯೋಕೆ ಅಂತ ಯಾರು ಹೇಳಿದ್ರು? ಮೈದಾನದಲ್ಲಿ ಗೆರೆ ಎಳೆಯೋಕೆ.

ಗುಬ್ಬಿ: ಗೆರೆ ಎಳೆಯೋಕೆ ಸುಣ್ಣ ಸಾಕಲ್ವಾ?

ಡ್ರಿಲ್ ಮೇಷ್ಟ್ರು: ಸುಣ್ಣ ಬೀಸಿದ್ರೆ ಸುಂಯ್ ಅನ್ನಲ್ಲ ಮೇಡಂ.

ಕಳ್ಳನಿಗೊಂದು ಪಿಳ್ಳೆನೆವ ಎಂದು ಹೆಡ್‌ಮಾಸ್ಟರು ಮನಸ್ಸಿನಲ್ಲೇ ಅಂದುಕೊಂಡರು. ಬಾಯಿಬಿಟ್ಟು ಹೇಳಲಿಲ್ಲ. ಅವರ ಪಿಳ್ಳೆನೆವ ಇನ್ನೂ ಅವರ ಅಂಗಿಯ ಜೇಬಿನಲ್ಲೇ ಇತ್ತು.

ಡ್ರಿಲ್ ಮೇಷ್ಟ್ರು: ನಂದೊಂದೇ ಅಲ್ಲ. ನನ್ನ ಸೀಟಿ ಹೋಯ್ತು. ಲೆಕ್ಕದ ಮೇಡಂದು ಬೋರ್ಡಿನ ಮೇಲೆ ವೃತ್ತ ಬರೆಯೋ ದೊಡ್ಡ ಕೈವಾರ ಹೋಯ್ತು. ಸ್ಟಾಫ್‌ರೂಮಿನ ಕೆಂಪು ಪೆನ್ನುಗಳು ಒಂದೂ ಇಲ್ಲ! ಇದು ದೊಡ್ಡ ಗ್ಯಾಂಗಿನ ಕೆಲಸ. ನಾಯಿ ತರಿಸಿ, ವಾಸನೆ ಹಿಡಿಸಿ.

ಗುಬ್ಬಿ: ಮೊದಲು ಈ ಪೆಟ್ಟಿಗೆ ಕೆಲಸ ಮುಗೀಲಿ ಮೇಷ್ಟ್ರೇ. ಕೀ ಕಳೆದುಹೋಗಿದೆಯಂತೆ.

ಡ್ರಿಲ್ ಮೇಷ್ಟ್ರು: ಕೀನಾ? ಸಾರ್, ಬೆಳಿಗ್ಗೆ ಪ್ರಾರ್ಥನೆ ಹೊತ್ತಲ್ಲಿ ಜೇಬು ಮುಟ್ಟಿ ಮುಟ್ಟಿ ನೋಡ್ಕೋತಿದ್ರಲ್ಲ, ಕಿಣಿಕಿಣಿ ಅಂತಿತ್ತು. ಅದೇ ಅಲ್ವಾ?

ಹೆಡ್‌ಮಾಸ್ಟರು ಅವರನ್ನು ದುರುಗುಟ್ಟಿ ನೋಡಿದರು. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಡ್ರಿಲ್ ಮೇಷ್ಟ್ರು ಅಟೆನ್ಷನ್‌ನಲ್ಲಿ ನಿಂತುಬಿಡುತ್ತಿದ್ದರು. ಈವತ್ತು ಕನ್ನಡಕವಿಲ್ಲದ ಕಣ್ಣುಗಳು ಯಾರನ್ನು ನೋಡುತ್ತಿವೆ ಎಂಬುದೇ ತಿಳಿಯದೆ, ಅವರು ಹಿಂದಕ್ಕೆ ತಿರುಗಿ ಕ್ಯಾಲೆಂಡರ್ ನೋಡಿದರು. ಬೇರೆ ದಾರಿ ಇರಲಿಲ್ಲ. ಹೆಡ್‌ಮಾಸ್ಟರು ಜೇಬಿಗೆ ಕೈ ಹಾಕಿದರು.

ಹೆಡ್‌ಮಾಸ್ಟರು: ಅರೆ! ಇಲ್ಲೇ ಇದೆ. ನೋಡಿದ್ರಾ, ವಯಸ್ಸಾದ ಮೇಲೆ...

ಗುಬ್ಬಿ: ಹೂಂ ಸಾರ್. ಜೇಬಿಗೂ ವಯಸ್ಸಾಗುತ್ತೆ.

ಎರಡನೇ ಬೀಗವೂ ಕಳಚಿತು. ಹೆಡ್‌ಮಾಸ್ಟರು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.

ಹೆಡ್‌ಮಾಸ್ಟರು: (ಕಣ್ಣು ಮುಚ್ಚಿಕೊಂಡೇ) ಖಾಲಿನಾ?

ಗುಬ್ಬಿ: ತುಂಬಿದೆ ಸಾರ್.

ಹೆಡ್‌ಮಾಸ್ಟರು: ತುಂಬಿದೆಯಾ! ಎಷ್ಟು?

ಗುಬ್ಬಿ: ಮುಚ್ಚಳ ಎತ್ತಿದ್ರೆ ಹೊರಗೆ ಬೀಳೋಷ್ಟು.

ಹೆಡ್‌ಮಾಸ್ಟರು: ಮುಗೀತು. ಟೈಲ್ಸ್ ಅಂಗಡಿಯವರು ಗೆದ್ರು. ಏನೇನಿದೆ, ಹೇಳಿಬಿಡು. ಕತ್ತಿ ಇದೆಯಾ?

ಗುಬ್ಬಿ: ಮೊದಲು... ಒಂದು ಸೀಟಿ.

ಡ್ರಿಲ್ ಮೇಷ್ಟ್ರು: ನಂದು!

ಗುಬ್ಬಿ: ಆಮೇಲೆ ಮರದ ಕೈವಾರ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಕೆಂಪು ಪೆನ್ನುಗಳು. ಇದು... ಅಯ್ಯಪ್ಪ! ಇದೇನು ಸಾರ್, ಯಾರದೋ ಕೈ!

ಡ್ರಿಲ್ ಮೇಷ್ಟ್ರು: ಹೆದರ್ಕೋಬೇಡಿ ಮೇಡಂ. ವಿಜ್ಞಾನದ ಕೋಣೆ ಅಸ್ಥಿಪಂಜರದ್ದು.

ಹೆಡ್‌ಮಾಸ್ಟರು ಒಂದು ಕಣ್ಣು ಬಿಟ್ಟರು.

ಹೆಡ್‌ಮಾಸ್ಟರು: ಇದೇನು ಆಯುಧದ ಪೆಟ್ಟಿಗೆಯೋ ಗುಜರಿ ಅಂಗಡಿಯೋ? ಗುಬ್ಬಿ, ಸೋಮವಾರ ಪ್ರಾರ್ಥನೆಯಲ್ಲಿ ಮಕ್ಕಳಿಗೆ ನೀನು ಏನು ಹೇಳಿದೆ?

ಗುಬ್ಬಿ: ಆಯುಧ ಅಂದ್ರೇನು ಅಂತ ಕಾನೂನಿನಲ್ಲಿ ಉದ್ದಕ್ಕೆ ಬರೆದಿದಾರೆ ಸಾರ್. ಅದನ್ನೆಲ್ಲ ಓದಿದ್ರೆ ಬಿಸಿಲಲ್ಲಿ ಮಕ್ಕಳು ತಲೆ ತಿರುಗಿ ಬೀಳ್ತಾರೆ ಅಂತ ನಾನೇ ಚಿಕ್ಕದು ಮಾಡಿ ಹೇಳಿದೆ.

ಹೆಡ್‌ಮಾಸ್ಟರು: ಏನಂತ?

ಗುಬ್ಬಿ: ‘ಇನ್ನೊಬ್ಬರನ್ನ ಹೆದರಿಸೋಕೆ ಇಟ್ಕೊಂಡಿರೋ ವಸ್ತು ಯಾವುದೇ ಆಗಲಿ, ಅದು ಆಯುಧ. ಅಂಥದ್ದು ಶಾಲೆಯಲ್ಲಿ ಇರಬಾರದು. ಪೆಟ್ಟಿಗೆಗೆ ಹಾಕಿ’ ಅಂತ.

ಹೆಡ್‌ಮಾಸ್ಟರು: ಹಾಕಿದಾರೆ ನೋಡು! ಹೇಳಿದ ಮಾತು ಕೇಳಲ್ಲ ಅಂತ ಈ ಮಕ್ಕಳನ್ನ ನಾವು ದಿನಾ ಬೈತೀವಿ.

ಡ್ರಿಲ್ ಮೇಷ್ಟ್ರು: (ಇಣುಕಿ) ಅದೋ! ಅದೋ ನನ್ನ ಬೆತ್ತ! ಕೊಡಿ ಇಲ್ಲಿ.

ಗುಬ್ಬಿ: ಹಾಗೆಲ್ಲ ಕೊಡೋಕಾಗಲ್ಲ ಮೇಷ್ಟ್ರೇ. ಪೆಟ್ಟಿಗೆಗೆ ಬಿದ್ದದ್ದು ಠಾಣೆಗೆ ಸೇರಿದ್ದು. ಬೇಕಾದವರು ಬಂದು, ಇದು ನನ್ನದು, ಇಂಥ ಕೆಲಸಕ್ಕೆ ಇಟ್ಕೊಂಡಿದ್ದೆ ಅಂತ ಇನ್ಸ್‌ಪೆಕ್ಟರ್ ಎದುರು ಹೇಳಿ ತಗೊಂಡು ಹೋಗಬೇಕು.

ಡ್ರಿಲ್ ಮೇಷ್ಟ್ರು: ಇನ್ಸ್‌ಪೆಕ್ಟರ್ ಎದುರಾ?

ಗುಬ್ಬಿ: ಎದುರು ನಿಂತು.

ಡ್ರಿಲ್ ಮೇಷ್ಟ್ರು: (ಬೆತ್ತವನ್ನು ತಿರುಗಿಸಿ ನೋಡಿ) ಇದು ನನ್ನದಲ್ಲ ಅನ್ಸುತ್ತೆ.

ಗುಬ್ಬಿ: ಎಣ್ಣೆ ಹಚ್ಚಿದ ಹಾಗಿದೆ.

ಡ್ರಿಲ್ ಮೇಷ್ಟ್ರು: ಪಾಪ, ಯಾರೋ ಹಚ್ಚಿರಬೇಕು.

ಗುಬ್ಬಿ: ಹಿಡಿಗೆ ಹಸಿರು ದಾರ ಸುತ್ತಿದೆ. ನಿಮ್ಮ ಸೀಟಿಗೂ ಹಸಿರು ದಾರ.

ಡ್ರಿಲ್ ಮೇಷ್ಟ್ರು: ಹಾಗಾದ್ರೆ ಸೀಟಿನೂ ನನ್ನದಲ್ಲ.

ಹೆಡ್‌ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಸೀಟಿ, ಕೈವಾರ, ಬೆತ್ತ: ಇದರಲ್ಲಿ ಯಾವುದಕ್ಕೂ ಕೂಗುವ ಬಾಗಿಲು ಬೇಕಾಗಿಲ್ಲ. ಅಧ್ಯಕ್ಷರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಾಗ, ಗುಬ್ಬಿಯ ಕೈ ಪೆಟ್ಟಿಗೆಯೊಳಗೆ ನಿಂತುಹೋಯಿತು.

ಅವಳು ನಿಧಾನವಾಗಿ ಹೊರತೆಗೆದದ್ದು ಒಂದು ಗಂಟು. ಕರವಸ್ತ್ರ, ಅದರ ಮೇಲೆ ಇನ್ನೊಂದು ಬಟ್ಟೆ, ಅದರ ಮೇಲೆ ಸುತ್ತಿ ಸುತ್ತಿ ಗಂಟು ಹಾಕಿದ ಹೊಲಿಗೆ ದಾರ. ಬಿಚ್ಚಿದಳು. ಹಿಡಿಗೆ ಟೇಪು ಸುತ್ತಿದ, ಎರಡೂ ಬದಿ ಮಸೆದ ಚಾಕು. ಹಣ್ಣು ಹೆಚ್ಚುವುದಕ್ಕೆಂದು ಯಾರೂ ಚಾಕುವನ್ನು ಹಾಗೆ ಮಸೆಯುವುದಿಲ್ಲ. ಡ್ರಿಲ್ ಮೇಷ್ಟ್ರು ಸದ್ದಿಲ್ಲದೆ ಕುರ್ಚಿ ಎಳೆದುಕೊಂಡು ಕುಳಿತರು.

ಡ್ರಿಲ್ ಮೇಷ್ಟ್ರು: ನಮ್ಮ ಶಾಲೇಲಾ?

ಹೆಡ್‌ಮಾಸ್ಟರು: ಗಂಟೆ ಹೊಡೆಸಿ.

ಗುಬ್ಬಿ: ಸಾರ್...

ಹೆಡ್‌ಮಾಸ್ಟರು: ಗಂಟೆ ಹೊಡೆಸಿ ಅಂದೆ. ಎಲ್ಲರನ್ನೂ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ. ನಾನು ಯಾರ ಹೆಸರನ್ನೂ ಕೇಳಲ್ಲ, ಬೈಯಲ್ಲ. ಸಾಲಿನ ಮುಂದೆ ಒಂದು ಸಲ ನಡೆದು ಹೋಗ್ತೀನಿ. ಯಾರು ಅಂತ ಆ ಮುಖವೇ ಹೇಳು‌ತ್ತೆ.

ಗುಬ್ಬಿ: ಹೇಗೆ ನೋಡ್ತೀರಿ ಸಾರ್?

ಹೆಡ್‌ಮಾಸ್ಟರು: ಹೇಗೆ ಅಂದ್ರೆ? ಯಾವಾಗ್ಲೂ ನೋಡೋ ಹಾಗೆ. ಕನ್ನಡಕದ ಮೇಲಿಂದ.

ಗುಬ್ಬಿ ಪೆಟ್ಟಿಗೆಗೆ ಮತ್ತೆ ಕೈ ಹಾಕಿದಳು. ಹತ್ತಿಯಲ್ಲಿ ಸುತ್ತಿದ್ದ ಏನನ್ನೋ ತೆಗೆದು, ಹತ್ತಿ ಬಿಡಿಸಿ, ಅವರ ಮುಂದೆ ಮೇಜಿನ ಮೇಲಿಟ್ಟಳು. ಹೆಡ್‌ಮಾಸ್ಟರು ಕಣ್ಣು ಕಿರಿದು ಮಾಡಿ, ಬಗ್ಗಿ, ಕೈಯಿಂದ ಮುಟ್ಟಿ ನೋಡಿದರು.

ಹೆಡ್‌ಮಾಸ್ಟರು: ಇದು ನನ್ನ ಕನ್ನಡಕ.

ಗುಬ್ಬಿ: ಹೌದು ಸಾರ್.

ಹೆಡ್‌ಮಾಸ್ಟರು: ಯಾರೋ ತಪ್ಪಿ ಹಾಕಿರಬೇಕು.

ಗುಬ್ಬಿ: ಗಾಜು ಒಡೀಬಾರದು ಅಂತ ಹತ್ತಿ ಸುತ್ತಿ ತಪ್ಪಿ ಹಾಕ್ತಾರಾ ಸಾರ್?

ಹೆಡ್‌ಮಾಸ್ಟರು: ನಾನು ಇಷ್ಟು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿಲ್ಲ ಗುಬ್ಬಿ. ನಿನಗೇ ಗೊತ್ತು.

ಗುಬ್ಬಿ: ಕೈ ಎತ್ತೋದೇ ಬೇಕಾಗಿರಲಿಲ್ಲ ಸಾರ್, ಹುಬ್ಬು ಎತ್ತಿದ್ರೆ ಸಾಕಿತ್ತು. ನೀವು ಅದರ ಮೇಲಿಂದ ಒಂದು ಸಲ ನೋಡಿದ್ರೆ ನಮಗೆ ಮಾಡದ ತಪ್ಪೂ ನೆನಪಾಗ್ತಿತ್ತು.

ಡ್ರಿಲ್ ಮೇಷ್ಟ್ರು: ನನಗೂ.

ಹೆಡ್‌ಮಾಸ್ಟರಿಗೆ ನಿಜವಾಗಿ ನೋವಾಯಿತು. ಬೆತ್ತದ ಸಾಲಿನಲ್ಲಿ ತಮ್ಮ ಕನ್ನಡಕವೂ ಬಿದ್ದಿತ್ತಲ್ಲ! ತಮ್ಮ ಆ ನೋಟದಲ್ಲಿ ಪ್ರೀತಿಯೂ ಇದೆ, ಅದು ಮಕ್ಕಳಿಗೆ ಗೊತ್ತಾಗುತ್ತದೆ ಎಂದು ಅವರು ಇಷ್ಟು ದಿನ ನಂಬಿಕೊಂಡು ಬಂದಿದ್ದರು. ಕನ್ನಡಕವನ್ನು ಕೈಗೆತ್ತಿಕೊಂಡರು, ಹಾಕಿಕೊಳ್ಳಲಿಲ್ಲ.

ಹೆಡ್‌ಮಾಸ್ಟರು: ಹಾಗಂತ ಚಾಕು ತಂದವರನ್ನ ಸುಮ್ಮನೆ ಬಿಟ್ಟುಬಿಡೋದಾ?

ಗುಬ್ಬಿ: ತಂದವರನ್ನ ಅಲ್ಲ ಸಾರ್, ಬಿಟ್ಟು ಹೋದವರನ್ನ. ಈ ದಾರ ನೋಡಿ, ಎಷ್ಟು ಸುತ್ತು ಸುತ್ತಿದಾರೆ! ಪೆಟ್ಟಿಗೆಗೆ ಕೈ ಹಾಕಿದವರಿಗೆ ಕುಯ್ಯಬಾರದು ಅಂತ ಸುತ್ತಿರೋದು. ಕೈ ಹಾಕೋಳು ನಾನು. ಯಾವುದೋ ಮಗು ನನ್ನ ಬೆರಳಿನ ಬಗ್ಗೆ ಇಷ್ಟು ಯೋಚನೆ ಮಾಡಿದೆ. ಠಾಣೆಯಲ್ಲೂ ಯಾರೂ ಮಾಡಿಲ್ಲ.

ಹೆಡ್‌ಮಾಸ್ಟರು: ಯಾರು ಅಂತ ಗೊತ್ತಾದ್ರೆ ಬುದ್ಧಿ ಹೇಳಬಹುದಲ್ಲ.

ಗುಬ್ಬಿ: ಆ ಬುದ್ಧಿ ಬಂದಿರೋದಕ್ಕೇ ಅಲ್ವಾ ಅದು ಇಲ್ಲಿ ಬಿದ್ದಿರೋದು? ಚಾಕು ಇಟ್ಕೊಳ್ಳೋಷ್ಟು ಭಯ ಯಾಕೆ ಬಂತು ಅಂತ ತಿಳ್ಕೋಬೇಕು, ನಿಜ. ಅದಕ್ಕೆ ಎಲ್ಲ ಕ್ಲಾಸಲ್ಲೂ ಕೂತು ಮಾತಾಡೋಣ, ನಾನೂ ಬರ್ತೀನಿ. ಬಸ್ ಸ್ಟಾಪಲ್ಲಿ ಯಾರಾದ್ರೂ ಕಾಡ್ತಾರೆ ಅಂದ್ರೆ ಅದನ್ನ ನೋಡ್ಕೊಳ್ಳೋದು ನನ್ನ ಕೆಲಸ. ಆದ್ರೆ ಈಗ ಸಾಲು ನಿಲ್ಲಿಸಿದ್ರೆ, ಯಾರೂ ಕೇಳಲ್ಲ ಅಂತ ನಾನು ಕೊಟ್ಟ ಮಾತು ನೀರುಪಾಲು. ಮುಂದಿನ ವಾರ ಪೆಟ್ಟಿಗೆ ಖಾಲಿ ಇರುತ್ತೆ, ನೀವು ಕೇಳಿಕೊಂಡ ಹಾಗೇ. ಆಗ ಚಾಕು ಎಲ್ಲಿರುತ್ತೆ ಹೇಳಿ?

ಹೆಡ್‌ಮಾಸ್ಟರು ಕೈಯಲ್ಲಿದ್ದ ಕನ್ನಡಕವನ್ನು ಮೇಜಿನ ಮೇಲಿಟ್ಟರು. ಚಾಕು ಎಲ್ಲಿರುತ್ತದೆ ಎಂಬುದು ಕನ್ನಡಕವಿಲ್ಲದೆಯೂ ಅವರಿಗೆ ಸ್ಪಷ್ಟವಾಗಿ ಕಾಣಿಸಿತ್ತು.

ಗುಬ್ಬಿ ಚಾಕುವನ್ನು ಮೊದಲಿನ ಹಾಗೇ ಸುತ್ತಿ ತನ್ನ ಚೀಲಕ್ಕೆ ಹಾಕಿದಳು. ಹಾಕಿದವಳೇ ಲಗುಬಗೆಯಿಂದ ಪೆಟ್ಟಿಗೆಯ ಮುಚ್ಚಳ ಮುಚ್ಚಿಬಿಟ್ಟಳು.

ಡ್ರಿಲ್ ಮೇಷ್ಟ್ರು: ಮೇಡಂ, ಇನ್ನೂ ಏನೋ ಇತ್ತಲ್ಲ ಒಳಗೆ? ತಳದಲ್ಲಿ, ಓರೆಯಾಗಿ.

ಗುಬ್ಬಿ: ಏನಿಲ್ಲ. ಪೆಟ್ಟಿಗೆದೇ ಹಲಗೆ.

ಡ್ರಿಲ್ ಮೇಷ್ಟ್ರು: ಹಲಗೆಗೆ ಯಾರಾದ್ರೂ ಚರ್ಮದ ಪಟ್ಟಿ ಕಟ್ತಾರಾ?

ಹೆಡ್‌ಮಾಸ್ಟರು: ತೆಗೆ ಗುಬ್ಬಿ.

ಗುಬ್ಬಿ: ಸಾರ್, ಹೊತ್ತಾಯ್ತು, ಠಾಣೆಗೆ...

ಹೆಡ್‌ಮಾಸ್ಟರು: ಗುಬ್ಬೀ.

ಈ ಸಲ ಕನ್ನಡಕವೂ ಬೇಕಾಗಲಿಲ್ಲ. ಖಾಕಿಯೊಳಗಿದ್ದ ಹತ್ತನೇ ಕ್ಲಾಸಿನ ಹುಡುಗಿ ತಲೆ ತಗ್ಗಿಸಿ ಮುಚ್ಚಳ ಎತ್ತಿದಳು. ಡ್ರಿಲ್ ಮೇಷ್ಟ್ರು ಎರಡೂ ಕೈ ಹಾಕಿ, ಗಂಟೆಯ ಹಗ್ಗ ಎಳೆದಂತೆ ಎಳೆದು, ಒಂದು ಲಾಠಿಯನ್ನು ಹೊರತೆಗೆದರು.

ಹೆಡ್‌ಮಾಸ್ಟರು: ‘ಮಕ್ಕಳಿರೋ ಜಾಗಕ್ಕೆ ಲಾಠಿ ಯಾಕೆ ಸಾರ್? ಪ್ರೀತಿಯಿಂದ ನಾಲ್ಕು ಮಾತಾಡಿದ್ರೆ ಸಾಕು.’

ಗುಬ್ಬಿ: ಸೋಮವಾರ ಭಾಷಣ ಮಾಡುವಾಗ ಗೋಡೆಗೆ ಒರಗಿಸಿಟ್ಟಿದ್ದೆ ಸಾರ್. ಭಾಷಣ ಮುಗಿಸಿ ನೋಡ್ತೀನಿ, ಇಲ್ಲ. ಅವತ್ತಿಂದ ಇನ್ಸ್‌ಪೆಕ್ಟರ್ ಕಣ್ಣಿಗೆ ಬೀಳದ ಹಾಗೆ ಗೋಡೆ ಪಕ್ಕದಲ್ಲೇ ಓಡಾಡ್ತಿದೀನಿ.

ಹೆಡ್‌ಮಾಸ್ಟರು: ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ. ಈಗ ಬೇಕಾದವರು ಠಾಣೆಗೆ ಬಂದು, ಇದು ನನ್ನದು ಅಂತ ಇನ್ಸ್‌ಪೆಕ್ಟರ್ ಎದುರು...

ಡ್ರಿಲ್ ಮೇಷ್ಟ್ರು: ಎದುರು ನಿಂತು!

ಗುಬ್ಬಿ: ನಾನು ಯಾವ ಠಾಣೆಗೆ ಹೋಗಲಿ ಸಾರ್?

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೂವರೂ ಅದನ್ನು ನೋಡಿದರು. ಅಧ್ಯಕ್ಷರು. ಖಾಲಿ ಎಂದು ಹೇಳಿಬಿಟ್ಟರೆ ಇಲ್ಲಿಗೇ ಮುಗಿಯಿತು. ಚಾಕು ಕಂಡವರು ಮೂವರು, ಮೂವರ ವಸ್ತುಗಳೂ ಮೇಜಿನ ಮೇಲಿದ್ದವು. ಇಂಥವರು ಒಬ್ಬರ ಗುಟ್ಟು ಒಬ್ಬರು ಬಿಟ್ಟುಕೊಡುವುದಿಲ್ಲ. ಹೆಡ್‌ಮಾಸ್ಟರು ಫೋನೆತ್ತಿಕೊಂಡರು.

ಹೆಡ್‌ಮಾಸ್ಟರು: (ಫೋನಿನಲ್ಲಿ) ನಮಸ್ಕಾರ... ಹೂಂ, ತೆಗೆದ್ವಿ... ಇಲ್ಲ, ಖಾಲಿ ಇರಲಿಲ್ಲ. ಒಂದು ಚಾಕು ಸಿಕ್ತು... ಯಾರದು ಅಂತ ನಾನು ಕೇಳಿಲ್ಲ, ನೀವೂ ಕೇಳಬೇಡಿ... ಹೌದು, ಮಾತು ಕೊಟ್ಟಿದ್ದೆ. ಆದ್ರೆ ಯೋಚನೆ ಮಾಡಿ. ನಿಮ್ಮ ಬಾಗಿಲು ಇದ್ದಿದ್ರೆ ಈ ಚಾಕು ಗೇಟಿನ ಹೊರಗೇ ಪೊದೆಯಲ್ಲಿ ಬಿದ್ದಿರೋದು, ಸಂಜೆ ಮತ್ತೆ ಚೀಲ ಸೇರೋದು. ಈಗ ಅದು ಪೊಲೀಸರ ಚೀಲದಲ್ಲಿದೆ... ಇನ್ನೂ ಏನಾದ್ರೂನಾ? ಸಿಕ್ತು. ನನ್ನ ಕನ್ನಡಕ ಸಿಕ್ತು... ಕನ್ನಡಕ ರೀ, ಕನ್ನಡಕ... ನಗಬೇಡಿ... ಅಲ್ಲಾ, ಅದರಲ್ಲಿ ಅಷ್ಟು ನಗೋದೇನಿದೆ?

ಅವರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡರು. ಟೈಲ್ಸ್ ಅಂಗಡಿಯವರ ನಗು ಕೋಣೆಯಲ್ಲೆಲ್ಲ ಕೇಳಿಸಿತು.

ಡ್ರಿಲ್ ಮೇಷ್ಟ್ರು: ಏನಂದ್ರು ಸಾರ್?

ಹೆಡ್‌ಮಾಸ್ಟರು: ಅವರ ಮಗಳು ರಾತ್ರಿ ನಿದ್ದೇಲಿ ‘ಹೆಡ್‌ಮಾಸ್ಟರು ನೋಡ್ತಿದಾರೆ’ ಅಂತ ಎದ್ದು ಕೂರ್ತಾಳಂತೆ. ಕನ್ನಡಕ ಒಳಗೆ ಹಾಕೋಷ್ಟು ಧೈರ್ಯ ಮಕ್ಕಳಿಗೆ ಬಂದಿದ್ರೆ ಪೆಟ್ಟಿಗೆ ಇನ್ನೊಂದು ವಾರ ಇರಲಿ ಅಂದ್ರು.

ಗುಬ್ಬಿ: ಬಾಗಿಲು?

ಹೆಡ್‌ಮಾಸ್ಟರು: ಚಾಕು ಸಿಕ್ಕ ಸುದ್ದಿ ಕೇಳಿದ ಮೇಲೂ ಮಕ್ಕಳು ಪೆಟ್ಟಿಗೆ ಹತ್ತಿರ ಬಂದ್ರೆ ಬಾಗಿಲು ಬೇಡ. ಬರಲಿಲ್ಲ ಅಂದ್ರೆ ಬಾಗಿಲೇ. ಅದಿರಲಿ, ಅವರ ಮನೇಲೂ ಇಂಥದ್ದೊಂದು ಪೆಟ್ಟಿಗೆ ಇಡಬೇಕು ಅಂದ್ರು. ಆಮೇಲೆ ಅವರೇ, ಬೇಡ ಬೇಡ, ಹೆಂಡತಿ ನನ್ನನ್ನೇ ಮಡಚಿ ಒಳಗೆ ಹಾಕಿಬಿಡ್ತಾಳೆ ಅಂತ ಫೋನಿಟ್ರು.

ನಗು ಇಳಿದ ಮೇಲೆ ಡ್ರಿಲ್ ಮೇಷ್ಟ್ರು ಎದ್ದು ನಿಂತರು. ಪರೇಡಿಗೆ ನಿಂತವರಂತೆ ಎದೆ ಉಬ್ಬಿಸಿದರೂ ದನಿ ಮಾತ್ರ ಎಂದೂ ಇಲ್ಲದಷ್ಟು ಸಣ್ಣಗಿತ್ತು.

ಡ್ರಿಲ್ ಮೇಷ್ಟ್ರು: ಸೀಟಿ ನನ್ನದು ಮೇಡಂ. ಆಟ ಆಡಿಸೋಕೆ ಬೇಕು.

ಗುಬ್ಬಿ: ಮತ್ತೆ ಬೆತ್ತ?

ಡ್ರಿಲ್ ಮೇಷ್ಟ್ರು: ಅದೂ ನನ್ನದೇ. ಅದು ಠಾಣೆಗೇ ಹೋಗಲಿ. ಆಗಾಗ ಸ್ವಲ್ಪ ಎಣ್ಣೆ ಹಚ್ಚಿ.

ಹೆಡ್‌ಮಾಸ್ಟರು: ನಿನ್ನ ಲಾಠಿ ತಗೊಂಡು ಹೋಗು ಗುಬ್ಬಿ. ನಿನ್ನದು ಅಂತ ನಮ್ಮ ಇಬ್ಬರ ಎದುರು ಒಪ್ಕೊಂಡಿದ್ದಾಯ್ತಲ್ಲ. ಆದ್ರೆ ಇನ್ನೊಂದು ಸಲ ಬರುವಾಗ ಠಾಣೆಯಲ್ಲೇ ಬಿಟ್ಟು ಬಾ.

ಗುಬ್ಬಿ: ಹೂಂ ಸಾರ್. ನಿಮ್ಮ ಕನ್ನಡಕ? ಯಾವ ಕೆಲಸಕ್ಕೆ ಅಂತ ಹೇಳಲೇ ಇಲ್ಲ.

ಹೆಡ್‌ಮಾಸ್ಟರು: ಓದೋದಕ್ಕೆ.

ಗುಬ್ಬಿ: ಬರೀ ಓದೋದಕ್ಕೇ?

ಹೆಡ್‌ಮಾಸ್ಟರು: ಬೆಳಿಗ್ಗೆ ಮಕ್ಕಳು ಒಳಗೆ ಬರೋದನ್ನ ನೋಡೋದಕ್ಕೂ. ಗಾಜಿನ ಒಳಗಿಂದ. ಮೇಲಿಂದ ಅಲ್ಲ.

ಪೆಟ್ಟಿಗೆಗೆ ಮತ್ತೆ ಎರಡೂ ಬೀಗ ಬಿದ್ದವು. ಡ್ರಿಲ್ ಮೇಷ್ಟ್ರು ಅದನ್ನು ಹೊತ್ತುಕೊಂಡು ಹೋಗಿ ಮೆಟ್ಟಿಲ ಕೆಳಗಿನ ಹಳೆಯ ಜಾಗದಲ್ಲೇ ಇಟ್ಟು, ಮರಳಿ ಸಿಕ್ಕ ಸೀಟಿ ಊದಿಕೊಂಡು ಮೈದಾನಕ್ಕೆ ಹೊರಟರು. ಆ ಜಾಗ ಹೆಡ್‌ಮಾಸ್ಟರ ಕೋಣೆಯ ಕಿಟಕಿಗೆ ನೇರವಾಗಿ ಕಾಣುತ್ತದೆ. ಅವರು ಕನ್ನಡಕ ಹಾಕಿಕೊಂಡು ಸಂಜೆಯ ಮಾತಿಗೆ ನಾಲ್ಕು ಸಾಲು ಬರೆಯಲು ಕುಳಿತರು. ಗುಬ್ಬಿ ಬಾಗಿಲ ಹತ್ತಿರ ಟೋಪಿ ಸರಿಮಾಡಿಕೊಳ್ಳುತ್ತಿದ್ದಳು.

ಗಂಟೆ ಹೊಡೆಯಿತು. ಮಕ್ಕಳ ಗದ್ದಲ ವರಾಂಡವನ್ನು ತುಂಬಿಕೊಂಡು ಹರಿದು, ಗೇಟಿನ ಕಡೆಗೆ ಸಾಗಿ, ಸಣ್ಣಗಾಯಿತು. ಎಲ್ಲರೂ ಹೋದರು ಎನ್ನುವಾಗ ಒಂದು ಜೊತೆ ಕಾಲು ಹಿಂದಕ್ಕೆ ಬಂದ ಸದ್ದು. ಮೆಟ್ಟಿಲ ಹತ್ತಿರ ನಿಂತಿತು. ಬಹಳ ಹೊತ್ತು ಹಾಗೇ ನಿಂತಿತ್ತು.

ಹೆಡ್‌ಮಾಸ್ಟರು ತಲೆ ಎತ್ತಿದರು. ಕಿಟಕಿ ಪಕ್ಕದಲ್ಲೇ ಇತ್ತು. ಕತ್ತು ಒಂದು ಬೆರಳಿನಷ್ಟು ತಿರುಗಿಸಿದರೆ ಸಾಕಿತ್ತು. ಅವರು ಕತ್ತು ತಿರುಗಿಸುವ ಬದಲು ಕನ್ನಡಕ ತೆಗೆದು, ಮಡಚಿ, ಮೇಜಿನ ಮೇಲೆ ಬೋರಲಾಗಿ ಇಟ್ಟರು.

ಠಣ್ ಎಂದು ಪೆಟ್ಟಿಗೆಯೊಳಗೆ ಏನೋ ಬಿತ್ತು. ಕಾಲಿನ ಸದ್ದು ಗೇಟಿನ ಕಡೆಗೆ ಓಡಿತು, ಬಂದಾಗ ಇದ್ದದ್ದಕ್ಕಿಂತ ಹಗುರವಾಗಿ.

ಹೆಡ್‌ಮಾಸ್ಟರು: (ಪಿಸುಗುಟ್ಟುತ್ತಾ) ಗುಬ್ಬಿ, ನಾನು ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದವಳು ನೀನು. ನೀನು ನೋಡಿದೆಯಾ?

ಗುಬ್ಬಿ: ಇಲ್ಲ ಸಾರ್. ಕಣ್ಣು ಮುಚ್ಕೊಂಡಿದೀನಿ.

ಹೆಡ್‌ಮಾಸ್ಟರು: ಪೊಲೀಸರು ಕಣ್ಣು ಮುಚ್ಕೊಂಡಿರ್ತಾರೆ ಅಂತ ಊರವರೆಲ್ಲ ಬೈತಿರ್ತಾರೆ. ಭೇಷ್ ಅನ್ನೋ ಹಾಗೆ ಮುಚ್ಕೊಂಡವಳನ್ನ ಈವತ್ತೇ ನೋಡಿದ್ದು.

ಗುಬ್ಬಿ: ಕನ್ನಡಕ ಇಲ್ಲದೆ ಹೇಗೆ ನೋಡಿದ್ರಿ ಸಾರ್?